ಎತ್ತಿಗೆ ಸೋಮವಾರವಿತ್ತು

ನಮ್ಮೂರ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಒಂದು ಭಾನುವಾರ ಸಂಜೆ ಮಾತನಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ನನಗೆ ಕೊಟ್ಟ ವಿಷಯ ‘ಮೊಬೈಲು, ವಿಶ್ರಾಂತಿ ಮತ್ತು ಉತ್ಸಾಹ’. ಮಾತಾಡುವಾಗ ಆಗಾಗ ದಾರಿ ತಪ್ಪಿದ್ದೆ. ಬರೆಯುವಾಗ ಕೆಲವನ್ನು ಸರಿಮಾಡಿದೆ, ಕೆಲವನ್ನು ಹಾಗೇ ಬಿಟ್ಟೆ. ಕೊನೆಯಲ್ಲಿ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆಯನ್ನು ಬಿಟ್ಟುಬಿಡಬೇಕು ಅಂತ ಆಸೆ ಇತ್ತು. ಗ್ರಂಥಪಾಲಕರು ಬಿಡಲಿಲ್ಲ.

ಎಲ್ಲರಿಗೂ ನಮಸ್ಕಾರ.

ಫೋನು ಸೈಲೆಂಟ್ ಮಾಡಿ ಎಂದು ನಾನು ಹೇಳುವುದಿಲ್ಲ. ಇಲ್ಲಿ ಕೂತವರಲ್ಲಿ ಒಬ್ಬರ ಮನೆಯಲ್ಲಿ ಎಮ್ಮೆ ಇವತ್ತೋ ನಾಳೆಯೋ ಈಯುವ ಹಾಗಿದೆ. ಇನ್ನೊಬ್ಬರ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಫೋನು ಬಂದರೆ ಎದ್ದು ಹೋಗಿ ಮಾತಾಡಿ ಬನ್ನಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ನಡುವೆ ಎದ್ದು ಹೋಗುವವರನ್ನು ನೋಡಿ ನೋಡಿ ಅಭ್ಯಾಸವಾಗಿದೆ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಒಂದು ಜೋಡಿ ಎತ್ತಿದ್ದವು. ವಾರಕ್ಕೆ ಆರು ದಿನ ದುಡಿಯುತ್ತಿದ್ದವು. ಸೋಮವಾರ ಮಾತ್ರ ಅವುಗಳ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಅವತ್ತು ಅಪ್ಪ ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ, ಹುಲ್ಲಿನ ಸಿಂಬಿಯಿಂದ ಮೈ ತಿಕ್ಕುತ್ತಿದ್ದ. ನೊಗ ಉಜ್ಜಿದ ಜಾಗದಲ್ಲಿ ಬೆರಳಾಡಿಸಿ ನೋಡುತ್ತಿದ್ದ. ಬಾವು ಕಂಡರೆ ಎಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಿದ್ದ. ಮನೆಗೆ ಬಂದ ಮೇಲೆ ಅವುಗಳ ಮುಂದೆ ನೆನೆಸಿದ ಹತ್ತಿಕಾಳು ಇಟ್ಟು, ತಾನೂ ಕಟ್ಟೆ ಮೇಲೆ ಕೂರುತ್ತಿದ್ದ. ಕೈ ಸುಮ್ನೆ ಇರುತ್ತಿರಲಿಲ್ಲ. ಹಗ್ಗ ಹೊಸೆಯುವುದೋ, ಬಾರುಕೋಲಿಗೆ ಹೊಸ ಬಾರು ಕಟ್ಟುವುದೋ ಏನೋ ಒಂದು ನಡೆದಿರುತ್ತಿತ್ತು. ಆದರೆ ಅದಕ್ಕೆ ಅವಸರ ಇರಲಿಲ್ಲ. ಎದುರು ಮನೆಯವರೂ ಅವರ ಕಟ್ಟೆ ಮೇಲೆ ಹೀಗೇ ಕೂತಿರುತ್ತಿದ್ದರು.

ಬಿತ್ತನೆ ಕಾಲದಲ್ಲಿ ಭಾನುವಾರ ರಾತ್ರಿ ಮಳೆ ಬಂದು ಹೊಲ ಹದಕ್ಕೆ ಬಂದಿದೆ ಅಂದುಕೊಳ್ಳಿ. ಒಂದು ದಿನ ತಡವಾದರೆ ಹದ ಆರಿಹೋಗುವ ಭಯ. ಆಗಲೂ ಸೋಮವಾರ ಗಳೆ ಹೂಡುತ್ತಿರಲಿಲ್ಲ. ಅಪ್ಪನಿಗೆ ಚಡಪಡಿಕೆ ಆಗುತ್ತಿತ್ತು. ಎರಡು ಸಲ ಹೊಲಕ್ಕೆ ಹೋಗಿ ಮಣ್ಣು ಹಿಚುಕಿ ನೋಡಿ ಬರುತ್ತಿದ್ದ. ಹೂಡುವ ಧೈರ್ಯ ಮಾತ್ರ ಇರಲಿಲ್ಲ. ಊರಲ್ಲಿ ಯಾರೂ ಹೂಡದ ದಿನ ಒಬ್ಬನೇ ಹೂಡಿದರೆ ಅದು ವರ್ಷಗಟ್ಟಲೆ ಆಡಿಕೊಳ್ಳುವ ಮಾತಾಗುತ್ತಿತ್ತು.

ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಅಪ್ಪ ಏನೂ ದೊಡ್ಡ ಮನೋಬಲದ ಮನುಷ್ಯನಲ್ಲ. ಬೀಡಿ ಬಿಡುತ್ತೇನೆ ಎಂದು ಪ್ರತಿ ಯುಗಾದಿಗೂ ಹೇಳಿ, ಪ್ರತಿ ಯುಗಾದಿಯ ಮರುದಿನವೂ ಸೇದಿದವನು. ಆದರೆ ಸೋಮವಾರ ಎಂದೂ ತಪ್ಪಲಿಲ್ಲ. ಬೀಡಿ ಬಿಡುವುದು ಅವನೊಬ್ಬನ ಕೆಲಸವಾಗಿತ್ತು. ಸೋಮವಾರ ಇಡೀ ಊರಿನದಾಗಿತ್ತು.

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಎತ್ತು ಮಾರಿ ಟ್ರ್ಯಾಕ್ಟರ್ ತಂದು ಬಹಳ ವರ್ಷವಾಯಿತು. ಈ ವಿಷಯ ಮಾತಾಡಬೇಕು ಎಂದಾಗ ಅವರ ಹತ್ತಿರ ಎತ್ತಿನ ಸೋಮವಾರದ ಮಾತು ತೆಗೆದೆ. ಅವರು ಹೇಳಿದರು: “ಮಾಸ್ತರ, ಎತ್ತಿಗೆ ಸೋಮಾರ ಇತ್ತು. ಅದಕ್ಕ ನಮಗೂ ಇತ್ತು. ಟ್ರ್ಯಾಕ್ಟರಿಗೆ ಯಾವ ವಾರಾನೂ ಇಲ್ಲ. ರಾತ್ರಿ ಲೈಟ್ ಹಚ್ಚಿಕೊಂಡು ಹೊಡೀತೀವಿ ನೋಡು.” ಟ್ರ್ಯಾಕ್ಟರ್ ಬೇಡ ಎಂದು ಅವರು ಹೇಳಲಿಲ್ಲ. ಎತ್ತು ಹೋದಾಗ ಅದರ ಜೊತೆಗೆ ತನ್ನ ರಜೆಯೂ ಹೋಯಿತು, ಅದು ಗೊತ್ತೇ ಆಗಲಿಲ್ಲ ಅಂದರು ಅಷ್ಟೇ.

ನಮ್ಮ ಕಿಸೆಯಲ್ಲಿರುವ ಫೋನೂ ದಣಿಯದ ಯಂತ್ರವೇ. ಅದಕ್ಕೆ ಬೇಕಾದ್ದು ಚಾರ್ಜು. ಅದನ್ನೂ ಹಾಸಿಗೆ ಪಕ್ಕದಲ್ಲೇ ಹಾಕಿ, ವೈರು ಹಿಡಿದುಕೊಂಡೇ ನೋಡುತ್ತಿರುತ್ತೇವೆ.

ವಿಶ್ರಾಂತಿ ಎಂದರೆ ಕೆಲಸ ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತು ಎಂದು ನಾವು ತಿಳಿದಿದ್ದೇವೆ. ಹಾಗೆ ಉಳಿಯುವ ಹೊತ್ತು ಯಾರಿಗಾದರೂ ಎಂದಾದರೂ ಸಿಕ್ಕಿದೆಯಾ? ನಮಗೆಲ್ಲ ಸಿಗುವ ಭಾನುವಾರವನ್ನೇ ತೆಗೆದುಕೊಳ್ಳಿ. ಅದು ಆಕಾಶದಿಂದ ಬಿದ್ದದ್ದಲ್ಲ. ಬಾಂಬೆಯ ಹತ್ತಿ ಗಿರಣಿಗಳಲ್ಲಿ ಕಾರ್ಮಿಕರಿಗೆ ವಾರದ ರಜೆ ಎಂಬುದೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬವರು 1884ರಲ್ಲಿ ಗಿರಣಿ ಕೆಲಸಗಾರರ ಸಂಘ ಕಟ್ಟಿ, ವಾರಕ್ಕೊಂದು ರಜೆ ಕೊಡಿ ಎಂದು ಕೇಳಿದರು. ಸಿಕ್ಕಿದ್ದು 1890ರ ಜೂನ್ 10ರಂದು. ಆರು ವರ್ಷ ಹಿಡಿಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯಲ್ಲಿ, ಅರ್ಧ ಗಂಟೆ ಬಿಡುವು ಕೊಡದೆ ಯಾರನ್ನೂ ಒಂದೇ ಸಮ 5 ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂದು ಬರೆದರು. ಎತ್ತಿಗೆ ಊರು ಕೊಟ್ಟಿದ್ದನ್ನು ಮನುಷ್ಯರು ಜಗಳ ಮಾಡಿ ಪಡೆದರು. ಯಾರೋ ಒಬ್ಬ ಕಾರ್ಮಿಕ ಮನಸ್ಸು ಗಟ್ಟಿ ಮಾಡಿಕೊಂಡು ಭಾನುವಾರ ಮನೆಯಲ್ಲಿ ಉಳಿದಿದ್ದರೆ ಅವನ ಕೆಲಸ ಹೋಗುತ್ತಿತ್ತು, ಅಷ್ಟೇ.

ಈಗ ಫೋನಿನ ವಿಷಯದಲ್ಲಿ ನಮಗೆ ಸಿಗುವ ಉಪದೇಶ ನೋಡಿ. ‘ನೀವೇ ಕಂಟ್ರೋಲ್ ಮಾಡಿಕೊಳ್ಳಬೇಕು.’ ಈ ಉಪದೇಶವೂ ಫೋನಿನಲ್ಲೇ ಬರುತ್ತದೆ, ಹಿಂದೆ ಕೊಳಲಿನ ಸಂಗೀತ ಹಾಕಿಕೊಂಡು. ನಾನೂ ನಂಬಿ, ಹೋದ ಬೇಸಿಗೆ ರಜೆಯಲ್ಲಿ ಒಂದು ದಿನ ಫೋನ್ ಉಪವಾಸ ಮಾಡಿದೆ. ಸ್ವಿಚ್ ಆಫ್ ಮಾಡಿ ಟ್ರಂಕಿನಲ್ಲಿಟ್ಟೆ. ಅಪ್ಪನ ನೆನಪಿಗೆ ಅಂತ ಸೋಮವಾರವನ್ನೇ ಆರಿಸಿಕೊಂಡಿದ್ದೆ.

ಒಂಬತ್ತೂವರೆಗೆ ಗ್ಯಾಸ್ ಸಿಲಿಂಡರ್ ತಂದ ಹುಡುಗ ಬಾಗಿಲಲ್ಲಿ ನಿಂತು, “ಸರ್, ಕೋಡ್ ಬಂದಿರ್ತದ, ಹೇಳ್ರಿ” ಅಂದ. ಕೋಡ್ ಹೇಳದಿದ್ದರೆ ಸಿಲಿಂಡರ್ ಇಳಿಸುವ ಹಾಗಿಲ್ಲ. ಟ್ರಂಕು ತೆಗೆದೆ. ಫೋನು ಆನ್ ಆಯಿತು. ಕೋಡ್ ಹೇಳಿ ಅವನನ್ನು ಕಳಿಸಿದೆ. ತೆಗೆದಿದ್ದೇನೆ, ಒಂದು ನಿಮಿಷ ನೋಡಿ ಇಡೋಣ ಅಂದುಕೊಂಡೆ. ಹಾಲು ಉಕ್ಕಿ ಸ್ಟೌ ಆರಿದ ವಾಸನೆ ಬಂದಾಗ ಹತ್ತೂಕಾಲು. ಸಂಜೆ ಬೆಲ್ಲ ತರಲು ಹೋದೆ. ಐನೂರರ ನೋಟು ಕೊಟ್ಟರೆ ಅಂಗಡಿಯವನು ಚಿಲ್ಲರೆ ಇಲ್ಲ ಅಂದ. “ಸ್ಕ್ಯಾನ್ ಮಾಡಿಬಿಡ್ರಿ ಸರ್.” ಬೆಲ್ಲ ಅಲ್ಲೇ ಬಿಟ್ಟು ಬಂದೆ. ಅವತ್ತು ರಾತ್ರಿ ಮನೆಯವರು, ನಿಮ್ಮ ಉಪವಾಸ ನಿಮಗಿರಲಿ, ನನ್ನ ಪಾಯಸಕ್ಕೆ ಯಾಕೆ ಅಂದರು.

ಇದರಲ್ಲಿ ಒಂದು ವಿಷಯ ಅರ್ಥವಾಯಿತು. ಹಿಂದೆ ಟಿವಿ ಜಾಸ್ತಿ ನೋಡಿದರೆ ಆಫ್ ಮಾಡಬಹುದಿತ್ತು. ಟಿವಿಯಿಂದ ಬೆಲ್ಲ ಕೊಳ್ಳುತ್ತಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಆರೇಳು ವರ್ಷದಲ್ಲಿ ಫೋನೇ ಪರ್ಸು, ಫೋನೇ ಪಾಸ್‌ಬುಕ್ಕು, ಫೋನೇ ಗಡಿಯಾರ ಮತ್ತು ಬ್ಯಾಟರಿ. 2020ರಲ್ಲಿ ಶಾಲೆಯೂ ಅದರೊಳಗೇ ಹೋಯಿತು. ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಅಲ್ಲಿ ತನಕ ನಾವೇ ‘ಮೊಬೈಲ್ ಮುಟ್ಟಬೇಡಿ’ ಎನ್ನುತ್ತಿದ್ದೆವು. ಆಮೇಲೆ ನಾವೇ ‘ಮೊಬೈಲ್ ಇಲ್ಲದವರು ಕೈ ಎತ್ತಿ’ ಎಂದೆವು. ಹೀಗೆ ದಿನದ ಹತ್ತು ಕೆಲಸಕ್ಕೆ ಬೇಕಾದ ವಸ್ತುವಿನೊಳಗೇ ಜೂಜಿನ ಕಟ್ಟೆಯನ್ನೂ ಇಟ್ಟು, ಬರೀ ಪರ್ಸನ್ನು ಮುಟ್ಟಿ, ಕಟ್ಟೆ ಕಡೆ ನೋಡಬೇಡಿ ಎಂದರೆ ಹೇಗೆ?

ಜೂಜು ಅಂದಿದ್ದು ಸುಮ್ನೆ ಅಲ್ಲ. ನಮ್ಮ ಕಡೆ ನಂಬರಿಗೆ ದುಡ್ಡು ಕಟ್ಟಿ ಓಸಿ ಚೀಟಿ ಬರೆಸುವವರನ್ನು ಎಲ್ಲರೂ ನೋಡಿದ್ದೀರಿ. ನಂಬರು ದಿನಾ ಹೊಡೆದರೆ ಅದು ಸಂಬಳವಾಗುತ್ತದೆ. ಎಂದೂ ಹೊಡೆಯದಿದ್ದರೆ ಬಿಟ್ಟುಬಿಡುತ್ತಾರೆ. ಯಾವಾಗಲೋ ಒಮ್ಮೆ, ಯಾವಾಗ ಎಂದು ಗೊತ್ತಿಲ್ಲದ ಹಾಗೆ ಹೊಡೆಯುವುದರಿಂದಲೇ ಮನುಷ್ಯ ಮತ್ತೆ ಮತ್ತೆ ಹೋಗುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಇದನ್ನು ಪಾರಿವಾಳಗಳ ಮೇಲೆ ತೋರಿಸಿದ್ದ. ಕಾಳು ಬೀಳುವುದು ಎಷ್ಟನೇ ಕುಕ್ಕಿಗೆ ಎಂದು ಗೊತ್ತಿಲ್ಲದಿದ್ದರೆ ಅವು ಬಿಡದೆ ಕುಕ್ಕುತ್ತಿದ್ದವು. ನಾವು ಹೆಬ್ಬೆರಳಿನಿಂದ ಕುಕ್ಕುತ್ತೇವೆ.

ಇನ್ನೊಂದು ಇದೆ. ಗಳೆ ಹೊಡೆಯುವಾಗ ಸಾಲು ಮುಗಿದ ಕಡೆ ಬದು ಬರುತ್ತದೆ. ಅಲ್ಲಿ ಎತ್ತು ತಿರುಗಿಸಬೇಕು. ತಿರುಗುವಾಗ ಎತ್ತು ಒಂದು ದೊಡ್ಡ ಉಸಿರು ಬಿಡುತ್ತದೆ. ರೈತ ಬೆವರು ಒರೆಸಿಕೊಳ್ಳುತ್ತಾನೆ, ತಂಬಾಕು ತಿಕ್ಕುತ್ತಾನೆ, ಸೂರ್ಯ ಎಲ್ಲಿದ್ದಾನೆ ನೋಡುತ್ತಾನೆ. ಸಾಕು ಅನ್ನಿಸಿದರೆ ಅಲ್ಲೇ ಬಿಡುತ್ತಾನೆ. ಮೊದಲು ಇಂಟರ್ನೆಟ್ಟಿನಲ್ಲೂ ಈ ಬದು ಇತ್ತು. ಪುಟದ ಕೆಳಗೆ ‘ಮುಂದಿನ ಪುಟ’ ಎಂದು ಒತ್ತಬೇಕಿತ್ತು. 2006ರಲ್ಲಿ ಏಜಾ ರಸ್ಕಿನ್ ಎಂಬ ಹುಡುಗ, ಜನರಿಗೆ ಒತ್ತುವ ತೊಂದರೆ ಯಾಕೆ, ಕೆಳಗೆ ಹೋದ ಹಾಗೆ ತಾನಾಗಿ ಬರುತ್ತಿರಲಿ ಎಂದು ಒಂದು ವಿಧಾನ ಮಾಡಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಮುಂದೆ ಅದು ಎಲ್ಲ ಆ್ಯಪ್‌ಗಳಿಗೂ ಹೋಯಿತು. ಆಮೇಲೆ ಅವನೇ ಅದಕ್ಕೆ ಪಶ್ಚಾತ್ತಾಪ ಪಟ್ಟ. ಬದುವೇ ಇಲ್ಲದ ಹೊಲದಲ್ಲಿ ಎತ್ತು ಎಲ್ಲಿ ತಿರುಗಬೇಕು ಹೇಳಿ. ರಾತ್ರಿ ಹನ್ನೆರಡೂವರೆ ಆದರೂ ನಾವು ಒಂದೇ ಸಾಲಿನಲ್ಲಿ ಹೋಗುತ್ತಲೇ ಇರುತ್ತೇವೆ.

ನಿದ್ದೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ನೀವೆಲ್ಲ ಕೇಳಿದ್ದೀರಿ. ಕತ್ತಲಾದಾಗ ಮೈಯಲ್ಲಿ ನಿದ್ದೆಗೆ ಕರೆಯುವ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಕಣ್ಣಿಗೆ ನೀಲಿ ಬೆಳಕು ಬಿದ್ದರೆ ಅದು ಹಿಂಜರಿಯುತ್ತದೆ. ಸರಿ. ಆದರೆ ನನ್ನ ಅನುಭವ ಕೇಳಿದರೆ, ಬೆಳಕಿಗಿಂತ ಅದರಲ್ಲಿ ಬರೆದಿರುವುದು ಜಾಸ್ತಿ ನಿದ್ದೆ ಕೆಡಿಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಯಾವ ಕಚೇರಿ ಎಂದು ಕೇಳಬೇಡಿ.

ಒಂದು ರಾತ್ರಿ ಹತ್ತೂ ನಲವತ್ತಕ್ಕೆ ನಮ್ಮ ಶಿಕ್ಷಕರ ಗ್ರೂಪಿಗೆ ಮೆಸೇಜ್ ಬಂತು. ‘ಅತಿ ತುರ್ತು’, ಮೂರು ಕೆಂಪು ಚುಕ್ಕಿ. ಮಕ್ಕಳ ಒಂದಷ್ಟು ಮಾಹಿತಿಯನ್ನು ನಮೂನೆಯಲ್ಲಿ ತುಂಬಿ ನಾಳೆ ಬೆಳಿಗ್ಗೆ ಹತ್ತರೊಳಗೆ ಕಳಿಸಬೇಕು. ಎದ್ದು ಕೂತೆ. ಮುಗಿದಾಗ ಒಂದು ಗಂಟೆ. ಮಲಗಿದರೆ ಕಣ್ಣೊಳಗೆ ಅಂಕಣಗಳು. ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಮೆಸೇಜ್: ‘ನಿನ್ನೆ ಕಳಿಸಿದ ನಮೂನೆ ಪರಿಗಣಿಸಬೇಡಿ.’ ಅವತ್ತು ಒಂಬತ್ತನೇ ತರಗತಿಯಲ್ಲಿ ಹಲಗೆ ಮೇಲೆ ತ್ರಿಭುಜದ ಮೂರು ಕೋನಗಳ ಮೊತ್ತ 360 ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, ಪಾಪ ಮರ್ಯಾದೆಯಿಂದಲೇ, “ಸರ್, ಇದೂ ಪರಿಗಣಿಸಬಾರದೇನ್ರಿ?” ಅಂದ. ಗ್ರೂಪಿನ ಕತೆಯನ್ನು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನಾನೇ ಸಿಟ್ಟಿನಲ್ಲಿ ಹೇಳಿದ್ದೆ.

ಕ್ಯಾಲಿಫೋರ್ನಿಯಾದಲ್ಲಿ ಗ್ಲೋರಿಯಾ ಮಾರ್ಕ್ ಎಂಬ ಪ್ರಾಧ್ಯಾಪಕಿ ಇದ್ದಾರೆ. ಕಚೇರಿಯ ಜನ ಒಂದು ಸ್ಕ್ರೀನಿನ ಮೇಲೆ ಎಷ್ಟು ಹೊತ್ತು ಗಮನ ಇಡುತ್ತಾರೆ ಎಂದು ಬಹಳ ವರ್ಷ ಅಳೆದವರು. 2004ರ ಸುಮಾರಿಗೆ ಅದು ಎರಡೂವರೆ ನಿಮಿಷ ಇತ್ತು. ಈಚೆಗೆ 47 ಸೆಕೆಂಡಿಗೆ ಇಳಿದಿದೆ. ಪೈಥಾಗೊರಸ್ ಪ್ರಮೇಯವನ್ನು ಹಲಗೆ ಮೇಲೆ ಸಾಧಿಸಲು ನನಗೆ ಎಂಟು ನಿಮಿಷ ಬೇಕು. ಅಂದರೆ 480 ಸೆಕೆಂಡು. ಆ ಲೆಕ್ಕದಲ್ಲಿ ಒಬ್ಬ ಹುಡುಗ ಹತ್ತು ಸಲ ಬೇರೆ ಕಡೆ ಹೋಗಿ ಬಂದಿರುತ್ತಾನೆ. ಇದಕ್ಕೆ ನಾನು ಅವನನ್ನು ಬೈಯುವುದಿಲ್ಲ. ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುವಾಗ ನಾನು ಎಷ್ಟು ಸಲ ಹೋಗಿ ಬರುತ್ತೇನೆ ಎಂದು ನನಗೆ ಗೊತ್ತು.

ಇನ್ನು ಉತ್ಸಾಹದ ಮಾತು. ಬೆಳಿಗ್ಗೆ ಎದ್ದರೆ ಏನಾದರೂ ಮಾಡಬೇಕು ಅನ್ನಿಸುತ್ತದಲ್ಲ, ಆ ಹುಮ್ಮಸ್ಸು ಎಲ್ಲಿಂದ ಬರುತ್ತದೆ? ಇದಕ್ಕೆ ನಮ್ಮ ಮನೆಯ ಅಂಗಳದ ಕತೆ ಹೇಳುತ್ತೇನೆ. ಹೇಳಬಹುದು ಎಂದು ಮನೆಯವರ ಅನುಮತಿ ಪಡೆದೇ ಬಂದಿದ್ದೇನೆ.

ನಮ್ಮ ಮನೆಯವರು ರಂಗೋಲಿ ಚೆನ್ನಾಗಿ ಹಾಕುತ್ತಾರೆ. ನೆಲ ಗುಡಿಸಿ, ಸಗಣಿ ನೀರು ಚಿಮುಕಿಸಿ, ಅದು ಆರುತ್ತಾ ಬರುವಾಗ ಚುಕ್ಕಿ ಇಡಲು ಶುರು. ಅವರಿಗೆ ಇಷ್ಟವಾದದ್ದು ಹದಿನೈದು ಚುಕ್ಕಿಯದು. ಮಧ್ಯದ ಸಾಲಿನಲ್ಲಿ 15, ಅದರ ಮೇಲೂ ಕೆಳಗೂ 14, ಆಮೇಲೆ 13, ಹೀಗೆ 8ರವರೆಗೆ, ಸಂದಿನಲ್ಲಿ ಚುಕ್ಕಿ. ಒಂದು ದಿನ ಹಲ್ಲುಜ್ಜುತ್ತಾ ನಿಂತು ಕೂಡಿಸಿದೆ. ಒಟ್ಟು 169. ಹದಿಮೂರರ ವರ್ಗ! ಖುಷಿಯಿಂದ ಹೇಳಿದೆ. “ಇರಬಹುದು, ಆಚೆ ಸರೀರಿ, ನೆರಳು ಬೀಳತದ” ಅಂದರು. ಮೂರು ಬೆರಳಿನ ನಡುವೆ ಪುಡಿ ಹಿಡಿದು ಎಳೆ ಬಿಡುವಾಗ ಅವರಿಗೆ ಪ್ರಪಂಚದ ಪರಿವೆ ಇರುತ್ತಿರಲಿಲ್ಲ. ಹಾಲಿನವನ ಸೈಕಲ್ ಬೆಲ್ಲು ಕೇಳಿಸುತ್ತಿರಲಿಲ್ಲ. ಹನ್ನೊಂದು ಗಂಟೆಗೆ ದನ ಬಂದು ತುಳಿದು ಹೋಗುತ್ತಿತ್ತು. ಅದಕ್ಕೂ ಬೇಜಾರಿಲ್ಲ. ನಾಳೆ ಇನ್ನೊಂದು.

ಲಾಕ್‌ಡೌನಿನಲ್ಲಿ ಮನೆಗೆ ಬಂದಿದ್ದ ಮಗಳು ಫೋಟೊ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದಳು. ಮೊದಲ ವಾರ ಮನೆಯಲ್ಲಿ ಹಬ್ಬ. ಯಾರೋ ಗೊತ್ತಿಲ್ಲದವರು ಹೃದಯ ಒತ್ತುತ್ತಾರೆ. ಬೆಂಗಳೂರಿನಿಂದ, ದುಬೈಯಿಂದ. ಆಮೇಲೆ ಒಂದು ದಿನ 169 ಚುಕ್ಕಿಯದನ್ನು ಮುಕ್ಕಾಲು ಗಂಟೆ ಕೂತು ಹಾಕಿದರು. ಹನ್ನೊಂದು ಲೈಕು. ಮರುದಿನ ಹತ್ತು ನಿಮಿಷದಲ್ಲಿ ಬಣ್ಣ ತುಂಬಿದ ಒಂದು ನವಿಲಿಗೆ ಇನ್ನೂರು. ಅಲ್ಲಿಂದ ನವಿಲುಗಳ ಕಾಲ. ಅಂಗಳದಲ್ಲಿ ಗುಲಾಬಿ ನವಿಲು, ನೀಲಿ ನವಿಲು. ನೆಲ ನೋಡಿಕೊಂಡು ಹಾಕುತ್ತಿದ್ದವರು ಫ್ರೇಮ್ ನೋಡಿಕೊಂಡು ಹಾಕತೊಡಗಿದರು. ನವಿಲಿಗೂ ಲೈಕು ಕಡಿಮೆಯಾದ ಮೇಲೆ, ‘ಇವತ್ತು ಯಾಕೋ ಬೇಡ’ ಎಂದು ಎರಡು ಎಳೆ ಎಳೆದು ಒಳಗೆ ಬರುವುದು ಶುರುವಾಯಿತು. ಒಂದು ದಿನ ನಾನು ಶಾಲೆಯಿಂದ ಬಂದರೆ ಹೊಸ್ತಿಲ ಮುಂದೆ ಪ್ಲಾಸ್ಟಿಕ್ ಸ್ಟಿಕ್ಕರ್ ರಂಗೋಲಿ ಅಂಟಿತ್ತು. ನನಗೆ ನಿಜವಾಗಿ ಹೆದರಿಕೆ ಆಯಿತು, ಯಾರಿಗೋ ಹುಷಾರಿಲ್ಲವೇನೋ ಅನ್ನುವ ಹಾಗೆ.

1973ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮೂವರು ಸಂಶೋಧಕರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಚಿತ್ರ ಬರೆಯಲು ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ ಮೊದಲೇ, ಬರೆದರೆ ಬಂಗಾರದ ನಕ್ಷತ್ರ ಅಂಟಿಸಿದ ಪ್ರಮಾಣಪತ್ರ ಕೊಡುತ್ತೇವೆ ಎಂದರು. ಕೆಲವರಿಗೆ ಏನೂ ಹೇಳದೆ ಬರೆದ ಮೇಲೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು, ಆಟದ ಹೊತ್ತಿನಲ್ಲಿ ಪೆನ್ನು ಹಾಳೆ ಸುಮ್ನೆ ಇಟ್ಟು ನೋಡಿದರು. ಮೊದಲೇ ಬಹುಮಾನದ ಮಾತು ಕೇಳಿದ್ದ ಮಕ್ಕಳು, ಉಳಿದವರು ಬರೆದ ಹೊತ್ತಿನ ಸುಮಾರು ಅರ್ಧದಷ್ಟೇ ಬರೆದರು. ಕೈ ಅದೇ, ಪೆನ್ನು ಅದೇ. ಆದರೆ ಈಗ ಅವರಿಗೆ ಅದು ನಕ್ಷತ್ರಕ್ಕಾಗಿ ಮಾಡುವ ಕೆಲಸವಾಗಿತ್ತು, ಇವತ್ತು ನಕ್ಷತ್ರ ಇರಲಿಲ್ಲ. ಫೇಸ್‌ಬುಕ್ಕಿನಲ್ಲಿ ಲೈಕ್ ಬಟನ್ ಬಂದದ್ದು 2009ರಲ್ಲಿ. ನಮ್ಮ ಅಂಗಳಕ್ಕೆ ಹನ್ನೊಂದು ವರ್ಷ ತಡವಾಗಿ ಬಂತು.

ಆಮೇಲೆ ಏನಾಯಿತು ಎಂದರೆ, ಮಗಳು ಕೆಲಸಕ್ಕೆ ವಾಪಸ್ ಹೋದಳು. ಫೋನ್ ಬದಲಾಯಿಸುವಾಗ ಆ ಅಕೌಂಟಿನ ಪಾಸ್‌ವರ್ಡ್ ಮರೆತಳು. ನಾವು ಯಾರೂ ಯಾವ ತತ್ವವನ್ನೂ ಪಾಲಿಸಲಿಲ್ಲ, ಪಾಸ್‌ವರ್ಡ್ ಮರೆತಿತು ಅಷ್ಟೇ. ಕೆಲವು ತಿಂಗಳು ಅಂಗಳ ಖಾಲಿ ಇತ್ತು. ಆ ವರ್ಷ ಧನುರ್ಮಾಸದಲ್ಲಿ ಪಕ್ಕದ ಮನೆಯ ಹುಡುಗಿ ಬಂದು, “ಆಂಟಿ, ನನಗ ಹದಿನೈದು ಚುಕ್ಕಿದು ಬರಂಗಿಲ್ಲ, ತೋರಸ್ರಿ” ಅಂದಳು. ಇಬ್ಬರೂ ಬೆಳಿಗ್ಗೆ ಆರಕ್ಕೆ, ಸ್ವೆಟರ್ ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತರು. ಹುಡುಗಿ ಮೂರನೇ ಸಾಲಿನಲ್ಲಿ ಒಂದು ಚುಕ್ಕಿ ತಪ್ಪಿಸಿದಳು. ನಮ್ಮ ಮನೆಯವರು ಅಂಗೈಯಿಂದ ಅದನ್ನು ಒರೆಸಿ, ಏನೂ ಹೇಳದೆ, ಮತ್ತೆ ಇಟ್ಟು ತೋರಿಸಿದರು. ನಾನು ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಫೋಟೊ ತೆಗೆಯಬೇಕು ಅನ್ನಿಸಿತು. ತೆಗೆಯಲಿಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬೊಬ್ಬರನ್ನೇ ಕೂರಿಸಿದರು. ಯೋಚಿಸುತ್ತಾ ಕೂರುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಬೇಕಿದ್ದರೆ ಒತ್ತಲು ಒಂದು ಬಟನ್, ಒತ್ತಿದರೆ ಕರೆಂಟ್ ಶಾಕ್. ಆ ಶಾಕನ್ನು ಅವರು ಮೊದಲೇ ಒಮ್ಮೆ ತಿಂದು, ಇದು ಬೇಡವೇ ಬೇಡ, ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಎಂದಿದ್ದರು. ಆದರೂ 18 ಗಂಡಸರಲ್ಲಿ 12 ಮಂದಿ ಒತ್ತಿಕೊಂಡರು. 24 ಹೆಂಗಸರಲ್ಲಿ 6 ಮಂದಿ. ಸುಮ್ಮನೆ ಕೂರುವುದು ಅಷ್ಟು ಕಷ್ಟ. ಹೆಂಗಸರು ವಾಸಿ, ಅಲ್ವಾ?

ಬೇಜಾರು ಎಂಬುದು ಹಸಿವೆಯ ಹಾಗೆ ಎಂದು ನನಗೆ ಅನ್ನಿಸುತ್ತದೆ. ಹಸಿವೆಯಾದಾಗ ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಂಡರೆ ಊಟದ ನೆನಪು ಹಿಂದೆ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಹಾಕಿಕೊಂಡರೆ ಹೊಟ್ಟೆ ತುಂಬುವುದೂ ಇಲ್ಲ, ಅಡುಗೆ ಮಾಡಬೇಕು ಅನ್ನಿಸುವುದೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಮಧ್ಯಾಹ್ನ ಊಟವಾದ ಮೇಲೆ ನಮಗೆ ಸಿಗುತ್ತಿದ್ದ ಚೂರು ಪಾರು ಖಾಲಿ ಹೊತ್ತಿಗೆಲ್ಲ ಈಗ ಚುರುಮುರಿ ತುಂಬಿದೆ. ಒಂದು ಹಳೆಯ ಲೆಕ್ಕ ಬಿಡಿಸಬೇಕು, ಹಿತ್ತಲಲ್ಲಿ ಮೆಣಸಿನ ಅಗೆ ಹಾಕಬೇಕು, ಅಕ್ಕನಿಗೆ ಫೋನ್ ಮಾಡಬೇಕು ಎಂಬ ಯೋಚನೆಗಳೆಲ್ಲ ಆ ಖಾಲಿ ಹೊತ್ತಿನಲ್ಲೇ ಬರುತ್ತಿದ್ದವು. ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ 2001ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ್ದೇ. ನಾವು ಯಾವ ಕೆಲಸವನ್ನೂ ಮಾಡದೆ ಕೂತಾಗ ಮೆದುಳಿನ ಕೆಲವು ಭಾಗಗಳು ಇನ್ನೂ ಚುರುಕಾಗಿರುತ್ತವೆ.

ಹಾಗಾದರೆ ಫೋನನ್ನು ಬಾವಿಗೆ ಹಾಕಬೇಕಾ? ನನ್ನ ತಂಗಿಯ ಮಗ ಟೆಕ್ಸಾಸ್‌ನಲ್ಲಿದ್ದಾನೆ. ನಮ್ಮ ಅಮ್ಮ ಬೆಳಿಗ್ಗೆ ಏಳಕ್ಕೆ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ಮರಿಮಗಳನ್ನು ನೋಡಲು ವಿಡಿಯೊ ಕಾಲಿಗೆ ಕೂರುತ್ತಾಳೆ. ಅಲ್ಲಿ ಹಿಂದಿನ ದಿನದ ರಾತ್ರಿ. ಆ ಇಪ್ಪತ್ತು ನಿಮಿಷವನ್ನು ಅಮ್ಮನಿಂದ ಕಿತ್ತುಕೊಳ್ಳುವ ಪಾಪ ನನಗೆ ಬೇಡ. ಮಾತು ಮುಗಿದ ಮೇಲೆ ಅಮ್ಮ ಫೋನನ್ನು ಮಗುಚಿ ಇಟ್ಟು ಎದ್ದು ಹೋಗುತ್ತಾಳೆ. ನಮ್ಮ ಮನೆಯಲ್ಲಿ ಬದು ಇರುವುದು ಅವಳಿಗೊಬ್ಬಳಿಗೇ.

ನಮ್ಮ ಬೆಳಗಾವಿ ಜಿಲ್ಲೆಗೆ ಅಂಟಿಕೊಂಡಿರುವ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾವ ಎಂಬ ಹಳ್ಳಿ ಇದೆ. ಸುಮಾರು ಮೂರು ಸಾವಿರ ಜನ. ಕೊರೋನಾ ಮುಗಿದು ಶಾಲೆ ತೆರೆದಾಗ ಮಕ್ಕಳು ಓದು ಬಿಟ್ಟಿದ್ದರು. 2022ರ ಆಗಸ್ಟ್‌ನಲ್ಲಿ ಊರಿನವರು ಸೇರಿ ಒಂದು ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ಗುಡಿಯ ಮೇಲಿಂದ ಸೈರನ್. ಆಗ ಮನೆಮನೆಯಲ್ಲೂ ಟಿವಿ, ಮೊಬೈಲ್ ಬಂದ್. ಎಂಟೂವರೆಗೆ ಇನ್ನೊಂದು ಸೈರನ್, ಆಮೇಲೆ ನಿಮ್ಮ ಇಷ್ಟ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನಿವೃತ್ತ ಶಿಕ್ಷಕರು ಮೊದಲು ಮನೆಮನೆಗೆ ಹೋಗಿ ತಿಳಿಹೇಳಿದ್ದರು. ಪೊಲೀಸರಿಲ್ಲ, ಕಾಯ್ದೆ ಇಲ್ಲ. ನನಗೆ ಇಷ್ಟವಾದದ್ದು ಆ ಎರಡನೇ ಸೈರನ್. ನಿಮ್ಮ ಫೋನು ಕೆಟ್ಟದ್ದು ಎಂದು ಅವರು ಹೇಳಲಿಲ್ಲ. ಒಂದೂವರೆ ಗಂಟೆ ಎಂದರು. ಎಲ್ಲರ ಮನೆಯಲ್ಲೂ ಬಂದ್ ಇರುವಾಗ ನಾನೇನು ಕಳೆದುಕೊಂಡೆ ಎಂಬ ಚಡಪಡಿಕೆ ಇರುವುದಿಲ್ಲ. ಸುದ್ದಿ ಕಳಿಸುವವನೂ ಕಟ್ಟೆ ಮೇಲೇ ಕೂತಿರುತ್ತಾನಲ್ಲ. ಅದನ್ನು ಓದಿದಾಗ ನನಗೆ ಅಪ್ಪನ ಸೋಮವಾರ ನೆನಪಾಯಿತು.

ನಮ್ಮ ಊರಿನಲ್ಲಿ ಸೈರನ್ ಹಾಕುವಷ್ಟು ದೊಡ್ಡ ಮನುಷ್ಯ ನಾನಲ್ಲ. ಎರಡು ಸಣ್ಣ ಕೆಲಸ ಮಾಡಿದ್ದೇವೆ. ಮನೆಯಲ್ಲಿ ತಲೆಬಾಗಿಲ ಪಕ್ಕ ಹಿಂದೆ ದೀಪ ಇಡುತ್ತಿದ್ದ ಗೂಡಿದೆ. ಈಗ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಎಲ್ಲರ ಫೋನೂ ಅದರಲ್ಲಿ. ರಿಂಗ್ ಜೋರಾಗಿಯೇ ಇರುತ್ತದೆ, ಕರೆ ಬಂದರೆ ಎದ್ದು ಹೋಗಿ ಅಲ್ಲೇ ನಿಂತು ಮಾತಾಡಬೇಕು. ನಿಂತು ಮಾತಾಡಿದರೆ ಮಾತು ಬೇಗ ಮುಗಿಯುತ್ತದೆ. ಬೆಳಿಗ್ಗೆ ಎಬ್ಬಿಸಲಿ ಎಂದು ಒಂದು ಅಲಾರಂ ಗಡಿಯಾರ ತಂದೆ. ಅದರ ಟಿಕ್ ಟಿಕ್‌ಗೆ ಮೊದಲ ವಾರ ಯಾರಿಗೂ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಎರಡನೆಯದು ಶಾಲೆಯಲ್ಲಿ. ಸ್ಟಾಫ್ ಎಲ್ಲ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ರಾತ್ರಿ ಎಂಟರ ಮೇಲೆ ನಮ್ಮ ಗ್ರೂಪಿಗೆ ಯಾರೂ ಏನೂ ಹಾಕಬಾರದು, ನಿಜವಾಗಿ ತುರ್ತಾದರೆ ಫೋನ್ ಮಾಡಬೇಕು. ಮೂರು ತಿಂಗಳಲ್ಲಿ ಬಂದ ಕರೆಗಳು ಎರಡು. ಒಂದು, ಸಹೋದ್ಯೋಗಿಯೊಬ್ಬರ ಮಾವ ತೀರಿಕೊಂಡದ್ದು. ಇನ್ನೊಂದು, ಶಾಲೆಯ ನೀರಿನ ಟ್ಯಾಂಕಿನ ನಲ್ಲಿ ಯಾರೋ ತೆರೆದಿಟ್ಟು ಹೋದದ್ದು. ಹಿಂದೆ ದಿನಕ್ಕೆ ನಾಲ್ಕು ‘ಅತಿ ತುರ್ತು’ ಬರುತ್ತಿದ್ದವು. ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕು ಎಂದು ಕಾಯ್ದೆಯೇ ಇದೆ. ನಮ್ಮಲ್ಲಿ ಅದು ಬರುವವರೆಗೆ ಟ್ಯಾಂಕಿನ ನಲ್ಲಿ ಮತ್ತು ಮಾವನವರೇ ಗತಿ.

ಒಂದು ಮಾತು ಸೇರಿಸಬೇಕು. ಕೆಲವರಿಗೆ ಗೂಡು, ಗಡಿಯಾರ ಯಾವುದೂ ಸಾಲುವುದಿಲ್ಲ. ಮಗ ಊಟ ಬಿಟ್ಟಿದ್ದಾನೆ, ಆಟದಲ್ಲಿ ದುಡ್ಡು ಕಳೆದಿದ್ದಾನೆ, ಫೋನ್ ಕಿತ್ತುಕೊಂಡರೆ ಮೈಮೇಲೆ ಬರುತ್ತಾನೆ ಎಂಬಂಥ ಮನೆಗಳು ನಮ್ಮ ಸುತ್ತಲೂ ಇವೆ. ಬೈದು, ಹೊಡೆದು ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಬರೆದುಕೊಳ್ಳಿ. ಹೌದು, ಫೋನಿನಲ್ಲೇ ಬರೆದುಕೊಳ್ಳಿ.

ಇಷ್ಟು ಹೇಳಿ ಪ್ರಶ್ನೆ ಇದ್ದರೆ ಕೇಳಿ ಎಂದೆ. ಹಿಂದಿನಿಂದ ಕಾಕಾ ಕೈ ಎತ್ತಿ, ಟ್ರ್ಯಾಕ್ಟರ್ ಸಾಲದ ಕಂತಿಗೂ ಒಂದು ಸೋಮವಾರ ಕೊಡಿಸಿ ಅಂದರು. ಎಲ್ಲರೂ ನಕ್ಕರು. ಆಮೇಲೆ ಮೂರನೇ ಸಾಲಿನಲ್ಲಿ ಕೂತಿದ್ದ ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗಿ ಎದ್ದಳು. ಬಹಳ ಹೊತ್ತು ದುಪಟ್ಟಾದ ತುದಿ ಸುತ್ತಿದಳು.

“ಸರ್, ನೀವು ಎಂಟರ ಮ್ಯಾಲೆ ಗ್ರೂಪಿಗೆ ಹಾಕಬಾರದು ಅಂದ್ರಿ.”

“ಹೌದಮ್ಮ.”

“ಅದು ಟೀಚರ್ಸ್ ಗ್ರೂಪ್ ಅಷ್ಟೇ ಏನ್ರಿ? ನಮ್ಮ ಕ್ಲಾಸ್ ಗ್ರೂಪಿಗೆ ಗಣಿತದ ಹೋಮ್‌ವರ್ಕ್ ರಾತ್ರಿ ಎಂಟೂ ಐವತ್ತಕ್ಕ ಬರ್ತದರಿ. ನಮ್ಮ ಅಪ್ಪ ಹೊಲದಿಂದ ಬಂದ ಮ್ಯಾಲೆ ಫೋನ್ ಸಿಗೋದು ಒಂಬತ್ತೂವರಿಗೆ.”

ಎಂಟೂ ಐವತ್ತು. ಒಂಬತ್ತಕ್ಕೆ ಫೋನನ್ನು ಗೂಡಿನಲ್ಲಿಡಬೇಕಲ್ಲ, ಅದಕ್ಕೆ ಮೊದಲು ಕಳಿಸಿ ಕೈ ತೊಳೆದುಕೊಳ್ಳೋಣ ಎಂದು ಕಳಿಸುತ್ತಿದ್ದೆ.

ಸಭೆಯಲ್ಲಿ ಈ ಸಲ ಯಾರೂ ನಗಲಿಲ್ಲ. ನಾನು ನೀರು ಕುಡಿದೆ. ಹೋಮ್‌ವರ್ಕನ್ನು ಸಂಜೆ ನಾಲ್ಕರ ಬೆಲ್ಲಿಗೆ ಮೊದಲು ಹಲಗೆ ಮೇಲೆ ಬರೆಯುತ್ತೇನೆ ಎಂದು ಹೇಳಿದೆ.

“ನಾಳೆಯಿಂದ ಏನ್ರಿ?” ಅಂದಳು.

ನಾಳೆ ಸೋಮವಾರವಾಗಿತ್ತು. ನಾಳೆಯಿಂದಲೇ ಅಂದೆ.